ಪೈಜಾಮದ ಪಾಠ

ಇಂಗ್ಲಿಷ್ ಮೇಷ್ಟ್ರ ಮಾನ ಹೋಗುವ ಪ್ರಸಂಗಗಳು ತಪ್ಪದೆ ಹಾಜರಿ ಹಾಕುತ್ತವೆ. ನನ್ನ ಸರ್ವೀಸಿನಲ್ಲಿ ಅವು ಒಂದು ದಿನವೂ ರಜೆ ಕೇಳಿದ್ದಿಲ್ಲ.

೧. ದೊರೆಗಳ ಉಡುಪು

ಎಂಬತ್ತರ ದಶಕ. ಶಿಡ್ಲಘಟ್ಟದ ಹೈಸ್ಕೂಲೊಂದಕ್ಕೆ ಸೇರಿದ ಹೊಸತು. ಪದಗಳ ಹುಟ್ಟು ಹೇಳುವ ಚಟ ನನಗೆ, ಗೊತ್ತಿಲ್ಲದಿದ್ದರೂ ಹೇಳುತ್ತಿದ್ದೆ. ಒಂದು ದಿನ ಪಾಠದಲ್ಲಿ ಪೈಜಾಮ ಬಂತು.

“ಇದು ಅಪ್ಪಟ ಇಂಗ್ಲಿಷ್ ಪದ. ಲಂಡನ್ನಿನ ಚಳಿಗೆ ದೊರೆಗಳು ಕಂಡುಹಿಡಿದದ್ದು” ಎಂದೆ.

ಟೈಲರ್ ಸಾಹೇಬರ ಮಗಳು ಎದ್ದು ನಿಂತಳು. “ಪಾಯ್ ಅಂದ್ರೆ ಕಾಲು, ಜಾಮಾ ಅಂದ್ರೆ ಬಟ್ಟೆ ಸಾರ್. ನಮ್ಮಪ್ಪ ಹೇಳ್ತಾರೆ.”

“ನಿಮ್ಮಪ್ಪ ಲಂಡನ್ ನೋಡಿದಾರೇನಮ್ಮ?”

“ಇಲ್ಲ ಸಾರ್. ನೀವು?”

ನಾನು ಬೆಂಗಳೂರಿಗಿಂತ ದೂರ ಹೋದವನಲ್ಲ. ತಕ್ಷಣ ವ್ಯಾಕರಣ ಶುರುಮಾಡಿದೆ.

೨. ನಿಘಂಟಿನ ಸಾಕ್ಷಿ

ಸಂಜೆ ದಪ್ಪ ನಿಘಂಟು ಹೊತ್ತು ಅವಳಪ್ಪನ ಅಂಗಡಿಗೇ ಹೋದೆ. ಮೊದಲು ಸ್ಟಾಫ್ ರೂಮಿನಲ್ಲಿ ಒಮ್ಮೆ ತೆರೆದು ನೋಡುವ ಬುದ್ಧಿ ಬರಲಿಲ್ಲ. ಫಾರಸಿ ಪದ, ಉರ್ದುವಿನಿಂದ ಇಂಗ್ಲಿಷಿಗೆ ಹೋದದ್ದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಗೊತ್ತಾಗುವಷ್ಟರಲ್ಲಿ ಅವರೆದುರು ನಾನೇ ಗಟ್ಟಿಯಾಗಿ ಓದಿಬಿಟ್ಟಿದ್ದೆ.

ಸಾಹೇಬರು ಹೊಲಿಗೆ ನಿಲ್ಲಿಸದೆ ಹೇಳಿದರು: “ನಾವು ಹಗಲೊತ್ತು ಹಾಕ್ತೀವಿ ಸಾರ್. ದೊರೆಗಳು ತಗೊಂಡ್ಹೋಗಿ ಮಲಗೋಕೆ ಹಾಕ್ಕೊಂಡ್ರು. ಹೆಂಗೆ ಹಾಕ್ಬೇಕು ಅಂತ ಹೇಳಿ ಕಳಿಸ್ಲಿಲ್ಲ, ತಪ್ಪು ನಮ್ದೇ.”

೩. ಇನ್‌ಸ್ಪೆಕ್ಷನ್

ಚಿಕ್ಕಬಳ್ಳಾಪುರದಿಂದ ಬರುವ ಇನ್‌ಸ್ಪೆಕ್ಟರು ನನ್ನ ಪಾಠ ನೋಡಿ ಒಪ್ಪಿದರೆ ಮಾತ್ರ ಕೆಲಸ ಕಾಯಂ. ಇಲ್ಲವಾದರೆ ಮೇಲೂರಿನ ಮಾವನ ಮನೆಯಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹಾಕಬೇಕು. ನಿಜಕ್ಕೂ ಹೆದರಿದ್ದೆ. ಅವರು ಬರುವ ದಿನವೇ ಬಸ್ಸಿಳಿಯುವಾಗ ನನ್ನ ಪ್ಯಾಂಟು ಹಿಂದುಗಡೆ ಉದ್ದಕ್ಕೂ ಹರಿಯಿತು.

ಸಾಹೇಬರ ಅಂಗಡಿಗೆ ಓಡಿದೆ. “ಅರ್ಧ ಗಂಟೆ ಆಗ್ತದೆ, ಅಲ್ಲೀವರ್ಗೂ ಇದು ಹಾಕ್ಕೊಳ್ಳಿ” ಎಂದು ಯಾರಿಗೋ ಹೊಲಿದಿಟ್ಟ ಬಿಳಿ ಪೈಜಾಮ ಕೊಟ್ಟರು. ಲಾಡಿ ಕಟ್ಟುವ ಮೊದಲೇ ಶಾಲೆಯ ಜವಾನ ಓಡಿ ಬಂದ. “ಇನ್‌ಸ್ಪೆಕ್ಟ್ರು ನಿಮ್ ಕ್ಲಾಸಲ್ಲೇ ಕೂತವ್ರೆ ಸಾರ್.”

ಒಂದು ಕೈಯಲ್ಲಿ ಲಾಡಿ, ಇನ್ನೊಂದರಲ್ಲಿ ಸೀಮೆಸುಣ್ಣ ಹಿಡಿದು ಒಳಗೆ ಹೋದೆ. ಬೇರೆ ದಾರಿ ಕಾಣದೆ ಅವತ್ತಿನ ಪಾಠ ಬಿಟ್ಟು ಬೋರ್ಡಿನ ಮೇಲೆ ‘ಪೈಜಾಮ’ ಎಂದು ಬರೆದೆ. ಅರ್ಥ, ಮೂಲ, ಪ್ರಯಾಣ ಎಲ್ಲ ಹೇಳಿದೆ. ತೊದಲಿದ ಕಡೆ ಟೈಲರ್ ಮಗಳು ಹೇಳಿಕೊಟ್ಟಳು. ಇನ್‌ಸ್ಪೆಕ್ಟರು ನಗಲಿಲ್ಲ, ಏನೋ ಬರೆದುಕೊಂಡು ಹೋದರು.

ವಾರದ ನಂತರ ಹೆಡ್‌ಮಾಸ್ಟರು ವರದಿ ಓದಿದರು: “ಕೆಲಸ ಕಾಯಂ ಮಾಡಬಹುದು. ಪಾಠೋಪಕರಣವನ್ನು ಸ್ವತಃ ಧರಿಸಿ ಬಂದದ್ದು ಮೆಚ್ಚತಕ್ಕದ್ದು. ಆದರೆ ನಿಯಮದ ಪ್ರಕಾರ ಅದನ್ನು ಬಿಚ್ಚಿ ಮಕ್ಕಳ ಕೈಗೆ ಕೊಟ್ಟು ತೋರಿಸಲಿಲ್ಲ.”