ಮಗನಿಗೆ ‘ಬನ್ನಿ’ ಅಂದ ವರ್ಷ

ಹದಿನೈದು ದಾಟಿದ ಮಕ್ಕಳು ಮನೆಯಲ್ಲಿದ್ದರೆ ನಗುವುದಕ್ಕೆ ನಾಟಕದ ಡೇರೆಯವರೆಗೆ ಹೋಗಬೇಕಾಗಿಲ್ಲ. ದಿನಕ್ಕೊಂದು ಆಟ ನಡುಮನೆಯಲ್ಲೇ ನಡೆಯುತ್ತದೆ. ಅದರಲ್ಲಿ ಕೋಡಂಗಿಯ ಪಾತ್ರ ಮಾತ್ರ ಮಕ್ಕಳದ್ದಲ್ಲ, ಅಪ್ಪನದು. ಇಷ್ಟು ತಿಳಿಯಲು ನನಗೆ ನಲವತ್ತೆರಡು ವರ್ಷ ಬೇಕಾಯಿತು. ಈಗ ನಿವೃತ್ತನಾಗಿ ಜಗಲಿಯ ಮೇಲೆ ಕೂತು ಅದನ್ನೆಲ್ಲ ನೆನೆಸಿಕೊಂಡು ಒಬ್ಬನೇ ನಗುತ್ತಿರುತ್ತೇನೆ. ದಾರಿಹೋಕರು ಏನೆಂದುಕೊಂಡಾರು ಎಂದು ನನ್ನಾಕೆ ಗದರುತ್ತಾಳೆ. ಸರಿ, ಬರೆದೇ ಇಡೋಣ ಎಂದು ಕೂತಿದ್ದೇನೆ.

ಅದು ಯುದ್ಧದ ಕಾಲ, ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದ ದಿನಗಳು. ನಾನು ಮಂಡ್ಯದಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಮಗಳಿಗೆ ಹದಿನೇಳು, ಎಸ್.ಎಸ್.ಎಲ್.ಸಿ. ತರಗತಿ, ಮಗನಿಗೆ ಹದಿನಾರು, ಅವಳಿಗಿಂತ ಒಂದು ತರಗತಿ ಕೆಳಗೆ. ಮಗಳಿಗೆ ಮೈಸೂರಿಗೆ ಹೋಗಿ ಕಾಲೇಜು ಓದುವ ಆಸೆ. ಪೂರಿಗಾಲಿಯಲ್ಲಿದ್ದ ನಮ್ಮಪ್ಪನಿಗೆ, ಪರೀಕ್ಷೆ ಮುಗಿದ ಕೂಡಲೇ ಮೊಮ್ಮಗಳನ್ನು ಆತಗೂರಿನ ಒಂದು ಮನೆಗೆ ಕೊಡುವ ಆಸೆ. ನಡುವೆ ನಾನು. ಅಪ್ಪನಿಗೆ ‘ಹೂಂ’ ಅಂದಿದ್ದೆ, ಮಗಳಿಗೆ ‘ನೋಡೋಣ’ ಅಂದಿದ್ದೆ.

ಒಂದು ಭಾನುವಾರ ನಾನು ಪ್ರಬಂಧದ ಪುಸ್ತಕಗಳನ್ನು ತಿದ್ದುತ್ತಿದ್ದಾಗ ಮಗಳು ಎದುರಿಗೆ ಬಂದು ಕೂತಳು.

“ಅಪ್ಪ, ಸ್ಕೂಲಲ್ಲಿ ನಲವತ್ತು ಜನಕ್ಕೆ ‘ನಿನ್ನ ಅಭಿಪ್ರಾಯ ಬರೆ’ ಅಂತೀರಿ. ನನ್ನ ಅಭಿಪ್ರಾಯ ಯಾವತ್ತಾದರೂ ಕೇಳಿದ್ದೀರಾ?”

ಕೇಳಿದ್ದೇನೆ ಎಂದು ಬಾಯಿ ತೆರೆದೆ. ಯಾವಾಗ ಎಂದು ಯೋಚಿಸಿದೆ. ಬಾಯಿ ಮುಚ್ಚಿದೆ.

ಅವತ್ತೇ ತೀರ್ಮಾನಿಸಿದೆ, ಇನ್ನು ಮುಂದೆ ಈ ಇಬ್ಬರನ್ನೂ ದೊಡ್ಡವರಂತೆ ನಡೆಸಿಕೊಳ್ಳಬೇಕು ಅಂತ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ. ನಮ್ಮಪ್ಪ ನನ್ನನ್ನು ಸಾಕಿದ್ದು ಎರಡೇ ಮಾತಿನಲ್ಲಿ: ‘ಬಾಲಾ’, ‘ಓಗ್ಲಾ’. ಮಾಡಿ ನೋಡಿದರೆ ಏನಾದೀತು ಎಂಬ ಕುತೂಹಲವಂತೂ ಬೇಕಾದಷ್ಟಿತ್ತು.

ಬಹುವಚನ

ಕನ್ನಡ ಮೇಷ್ಟ್ರಲ್ಲವೇ, ಗೌರವವನ್ನು ವ್ಯಾಕರಣದಿಂದಲೇ ಶುರುಮಾಡಿದೆ. ಮಾರನೆಯ ಸಂಜೆ ಮಗ ಚೆಂಡಾಡಿಕೊಂಡು ಬಂದ. ನಾನು ಜಗಲಿಯಿಂದ ಎದ್ದು, “ಬನ್ನಿ. ಆಟ ಚೆನ್ನಾಗಾಯಿತೇ? ಕೈಕಾಲು ತೊಳೆದುಕೊಳ್ಳಿ” ಅಂದೆ.

ನಮ್ಮ ಕಡೆ ಮನೆಯೊಳಗೆ ಚಿಕ್ಕವರಿಗೆ ಬಹುವಚನ ಬಂತೆಂದರೆ ಅದು ಗೌರವವಲ್ಲ, ಗುಡುಗಿಗೆ ಮುಂಚಿನ ಮಿಂಚು. ಇದು ನನಗೆ ಹೊಳೆದೇ ಇರಲಿಲ್ಲ. ಹುಡುಗ ಮೆಟ್ಟಿಲ ಮೇಲೇ ನಿಂತ. ಮುಖ ಬಿಳಿಚಿಕೊಂಡಿತು.

“ಯಾರು ಹೇಳಿದ್ರು ನಿಮಗೆ?” ಅಂದ.

ನನಗೆ ಏನೂ ಗೊತ್ತಿಲ್ಲ. ಆದರೂ ಬಿಡಲು ಮನಸ್ಸಾಗಲಿಲ್ಲ. “ನೀವೇ ಹೇಳಿ” ಅಂದೆ, ಬಲು ಮರ್ಯಾದೆಯಿಂದ.

“ಒಂದೇ ಒಂದು ಬೀಡಿ ಕಣಪ್ಪ. ಅದೂ ಹನಕೆರೆ ಸ್ಟೇಷನ್ನಿನ ಹಿಂದೆ.”

“ಹನಕೆರೆಗೆ ಯಾಕೆ ಹೋಗಿದ್ದಿರಿ?”

“ಮದ್ದೂರಿಗೆ ಅಂತ ಹತ್ತಿದ್ವಿ. ಟಿಕೆಟ್ ಇರಲಿಲ್ಲ, ಇಳಿಸಿಬಿಟ್ರು.”

“ಅವತ್ತು ಸ್ಕೂಲು ಇರಲಿಲ್ಲವೇ?”

“ಇತ್ತು. ಲೆಕ್ಕದ ಪರೀಕ್ಷೆ.”

ಹದಿನೆಂಟು ವರ್ಷ ಬೆತ್ತ ಹಿಡಿದು ಪಾಠ ಮಾಡಿದ್ದೇನೆ. ಒಂದು ‘ಬನ್ನಿ’ಗೆ ಹೊರಬಿದ್ದಷ್ಟು ನಿಜ ಬೆತ್ತಕ್ಕೆ ಯಾವತ್ತೂ ಬಿದ್ದಿರಲಿಲ್ಲ. ಅಷ್ಟರಲ್ಲಿ ನನ್ನಾಕೆ ಸೌಟು ಹಿಡಿದೇ ಈಚೆಗೆ ಬಂದಳು. “ಬಯ್ಯದಾದ್ರೆ ನೆಟ್ಟಗೆ ‘ಲೇ’ ಅಂತ ಬಯ್ಯಿ. ‘ಬನ್ನಿ’ ‘ಓಗಿ’ ಅಂತೆಲ್ಲ ಅನ್ಕಂಡು ಮಗೀಗೆ ಇಂಗೆ ಇಂಸೆ ಕೊಡ್ಬೇಡಿ” ಅಂದಳು.

ಕೆಮ್ಮು

ಮಗಳು ಓದುತ್ತಿದ್ದದ್ದು ರಾಗಿ ತುಂಬುವ ವಾಡೆಗಳಿದ್ದ ಸಣ್ಣ ಕೋಣೆಯಲ್ಲಿ. ಅದಕ್ಕೆ ಬಾಗಿಲಿರಲಿಲ್ಲ, ಅವರವ್ವನ ಹಳೇ ಸೀರೆಯೇ ಪರದೆ. ನಾನು ಹೊತ್ತಿಗೊಂದು ಸಲ ಸೀರೆ ಸರಿಸಿ ಒಳಗೆ ಇಣುಕುವವನು.

“ಅಪ್ಪ, ಬರೋದಕ್ಕೆ ಮುಂಚೆ ಒಂದು ಸದ್ದು ಮಾಡಿ” ಅಂದಳು.

ನ್ಯಾಯವಾದ ಮಾತೇ. ಆದರೆ ಸೀರೆಯನ್ನು ತಟ್ಟುವುದು ಹೇಗೆ? ಕೆಮ್ಮತೊಡಗಿದೆ. ದಿನಕ್ಕೆ ಎಂಟು ಸಲ ಇಣುಕುತ್ತಿದ್ದವನು ಎಂಟು ಸಲ ಕೆಮ್ಮಿದೆ. ಎರಡನೆಯ ದಿನ ನನ್ನಾಕೆ ಮೆಣಸಿನ ಕಷಾಯ ತಂದಿಟ್ಟಳು. ಬೇಡವೆಂದರೆ ಕೇಳಲಿಲ್ಲ, ಕುಡಿದೆ. ಮೂರನೆಯ ದಿನ ಅದಕ್ಕೆ ಹಿಪ್ಪಲಿ ಸೇರಿತು. ನಾಲ್ಕನೆಯ ದಿನ ಪಕ್ಕದ ಮನೆಯಾಕೆ ಆಡುಸೋಗೆ ಸೊಪ್ಪು ಕಿತ್ತುಕೊಂಡು ಬಂದಳು. ನನ್ನ ಮುಖ ನೋಡಲಾರದೆ ಮಗಳೇ ಅಡಿಗೆಮನೆಗೆ ಹೋಗಿ, “ಅವ್ವ, ಅಪ್ಪಂಗೆ ಕೆಮ್ಮಿಲ್ಲ. ಅದು ಗೌರವ” ಎಂದು ತಿಳಿಸಿ ಹೇಳಿದಳು.

“ಗೌರವಾನೋ ಗೂರಲೋ, ಕುಡ್ಕಳ್ಳಿ. ಕಾಯ್ಸಿದ್ದಾಗದೆ” ಅಂದಳು ಅವರವ್ವ.

‘ಬೇಡ’ ಅನ್ನಿ

ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಒಂದು ಬೆಳಗ್ಗೆ ಮಗ ಬಂದು ಕೇಳಿದ: “ಅಪ್ಪ, ಮೆರವಣಿಗೆಗೆ ಹೋಗಲಾ?” ಗೆಳೆಯರು ನಾಲ್ಕು ಜನ ಬೀದಿಯ ಕೊನೆಯಲ್ಲಿ ಕಾಯುತ್ತಿದ್ದರು.

ನಾನೋ ಸರ್ಕಾರದ ಸಂಬಳ ತಿನ್ನುವವನು. ಆದರೂ ಹಿಡಿದ ಪಟ್ಟು ಬಿಡಬಾರದಲ್ಲ. ಬಹುವಚನವನ್ನು ಅಷ್ಟರಲ್ಲಿ ಕೈಬಿಟ್ಟಿದ್ದೆ. “ನಿನಗೆ ಹದಿನಾರಾಯಿತು. ಹೋದರೆ ಏನಾಗಬಹುದು, ಹೋಗದಿದ್ದರೆ ಏನನ್ನಿಸಬಹುದು, ಎರಡನ್ನೂ ಯೋಚನೆ ಮಾಡು. ತೀರ್ಮಾನ ನಿನ್ನದು” ಅಂದೆ.

ಹುಡುಗ ಹೋಗಲೊಲ್ಲ. ಅಲ್ಲೇ ನಿಂತ.

“ಅಷ್ಟೇನಾ?”

“ಅಷ್ಟೇ.”

“ಹಿಂಗಂದ್ರೆ ಹೆಂಗಪ್ಪ? ಒಬ್ಬನ್ನ ಅವರಪ್ಪ ಕೋಣೇಲಿ ಕೂಡಿಹಾಕಿದ್ರಂತೆ, ಹೆಂಚು ತೆಗೆದು ಬಂದವನೆ. ಇನ್ನೊಬ್ಬನ ಬಟ್ಟೆಯೆಲ್ಲ ಬಚ್ಚಿಟ್ಟಿದ್ರಂತೆ, ಅವನು ಅವರಜ್ಜಿ ಸೀರೆ ಸುತ್ಕೊಂಡು ಬಂದವನೆ. ನಾನು ಏನಂತ ಹೇಳಲಿ? ನಮ್ಮಪ್ಪ ಯೋಚನೆ ಮಾಡು ಅಂದ್ರು ಅಂತಲಾ? ಒಂದು ಸಲ ಗಟ್ಟಿಯಾಗಿ ಬೇಡ ಅನ್ನಿ.”

ಮಗನ ಮರ್ಯಾದೆಯ ಪ್ರಶ್ನೆ. ಜಗಲಿಗೆ ಬಂದು, ಬೀದಿಯ ಕೊನೆಗೆ ಕೇಳಿಸುವಂತೆ, “ಲೇ, ಹೊಸಿಲು ದಾಟಿದರೆ ಕಾಲು ಮುರಿದು ಕೈಗೆ ಕೊಡ್ತೀನಿ ಕಣ್ಲಾ” ಎಂದು ಅಬ್ಬರಿಸಿದೆ. ಅವನು ಎದೆಯುಬ್ಬಿಸಿ ಹೊಸಿಲು ದಾಟಿ ಹೋದ.

ಸಂಜೆಯವರೆಗೂ ನಾನು ಬಾಗಿಲಲ್ಲೇ ಕೂತಿದ್ದೆ. ಮೈಗೆ ಏನೂ ಆಗದೆ ಬಂದ. ಮುಖವೆಲ್ಲ ಹಿಗ್ಗು.

“ಅಪ್ಪ, ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಕೆಟ್ಟ ಅಪ್ಪ ನೀವೇ ಅಂತ ಎಲ್ಲರೂ ಒಪ್ಪಿಕೊಂಡ್ರು” ಅಂದ.

ಕಾರ್ಡು

ಮಕ್ಕಳಿಗೆ ಬಂದ ಕಾಗದವನ್ನು ಮೊದಲು ಅಪ್ಪ ಓದುವುದು ಆಗಿನ ಪದ್ಧತಿ. ಅದನ್ನೂ ಬಿಟ್ಟೆ. “ಅವರಿಗೆ ಬಂದದ್ದನ್ನು ಅವರ ಕೈಗೇ ಕೊಡಪ್ಪ, ನಾನು ಓದೋದಿಲ್ಲ” ಎಂದು ಅಂಚೆಯವನಿಗೆ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಗಲಿ ಎಂದು ಹೋದ.

ಮಗಳ ಪರೀಕ್ಷೆ ಮುಗಿಯುವ ಹೊತ್ತಿಗೆ ಮೈಸೂರಿನಲ್ಲಿ ಓದುತ್ತಿದ್ದ ಗೆಳತಿಯಿಂದ ಅವಳಿಗೊಂದು ಕಾರ್ಡು ಬಂತು. ನಾನು ಸ್ಕೂಲಿನಿಂದ ಬರುತ್ತಿದ್ದೇನೆ, ಬೀದಿಯ ನಲ್ಲಿಯ ಹತ್ತಿರ ಅಂಚೆಯವನು ನಿಂತಿದ್ದಾನೆ, ಸುತ್ತ ಬಿಂದಿಗೆ ಹಿಡಿದ ಐದಾರು ಜನ ಹೆಂಗಸರು.

“ನೀವು ಓದಕ್ಕಿಲ್ಲ ಅಂದ್ರಲ್ಲ ಮೇಷ್ಟ್ರೇ” ಅಂದ. “ದೊಡ್ಡೋರು ಅಂತ ಯಾರೂ ಓದ್ದೆ ಇದ್ರೆ ಚೆಂದಾಗಿರಕ್ಕಿಲ್ಲ ಅಂತ ನಾನೇ ಓದ್ದೆ. ಕೆಟ್ ಸುದ್ದಿ ಏನಿಲ್ಲ. ಮಗಳು ಕಾಲೇಜ್ಗೆ ಅರ್ಜಿ ಆಕ್ಬೇಕಂತೆ, ಆಸ್ಟೆಲ್ಲಲ್ಲಿ ಗೆಣೆಕಾತಿ ಕೋಣೇಲೇ ಜಾಗ ಅದೆಯಂತೆ. ಈ ಅವ್ವಂದಿರ್ನೂ ಕೇಳ್ದೆ, ಕಳಿಸ್ಬೌದು ಅಂದ್ರು.”

ಬೀದಿಗೆ ಗೊತ್ತಾದದ್ದು ಮಾರನೆಯ ದಿನದ ಬಸ್ಸಿನಲ್ಲಿ ಮಳವಳ್ಳಿ ದಾಟಿ ಪೂರಿಗಾಲಿಗೂ ಹೋಯಿತು. ಅದರ ಮಾರನೆಯ ದಿನ ನಮ್ಮಪ್ಪ ದೊಣ್ಣೆ ಊರಿಕೊಂಡು ಬಂದಿಳಿದರು.

“ಸ್ವಾಮಾರ ಗಂಡ್ನೋರು ಬತ್ತಾರೆ. ನೀನು ಬಾಯಿ ಮುಚ್ಕಂಡು ಕೂತ್ಕಬೇಕು ಕಣ್ಲಾ” ಅಂದರು. ನಲವತ್ತೆರಡು ವರ್ಷದ ನಾನು, “ಹೂಂ ಕಣಪ್ಪ” ಅಂದೆ.

ಹೆಣ್ಣು ನೋಡಿದ್ದು

ಸೋಮವಾರ ಬೆಳಗ್ಗೆ ಕೆಮ್ಮಿ, ಪರದೆ ಸರಿಸಿ, ಮಗಳನ್ನು ಕೇಳಿದೆ: “ನಿನಗೆ ಏನನ್ನಿಸುತ್ತೆ? ನಾನು ತಾತನಿಗೆ ಎದುರು ಹೇಳಲಾ?”

“ನಿಮ್ಮ ಕೈಲಾಗಲ್ಲ ಬಿಡಿ” ಅಂದಳು, ಪ್ರೀತಿಯಿಂದಲೇ. “ಅವರು ಬರಲಿ. ನಾನೂ ಒಂದೆರಡು ಮಾತು ಕೇಳಬೇಕು. ಕೇಳೋದಕ್ಕೆ ಅವಕಾಶ ಮಾಡಿಕೊಡಿ, ಸಾಕು.”

ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನ ಮಸಿಯನ್ನು ಮುಖಕ್ಕೆ ಮೆತ್ತಿಕೊಂಡು ಗಂಡಿನ ಕಡೆಯ ಅಪ್ಪ ಮಗ ಬಂದರು. ಹುಡುಗನಿಗೆ ಇಪ್ಪತ್ತನಾಲ್ಕು ಇರಬಹುದು, ಗಟ್ಟಿಮುಟ್ಟಾಗಿದ್ದ. ಚಾಪೆಯ ಮೇಲೆ ಅವರಪ್ಪನ ಹಿಂದೆ ಕೂತ. ಉಪ್ಪಿಟ್ಟು, ಕಾಫಿ ಆದವು. ನಾನು ಬೆವರುತ್ತಾ, “ಹುಡುಗೀನೂ ಎರಡು ಮಾತು ಕೇಳ್ತಾಳಂತೆ” ಅಂದೆ. ನಮ್ಮಪ್ಪ ನನ್ನನ್ನು ನೋಡಿದ ನೋಟಕ್ಕೆ ಹಸಿ ಸೌದೆಯೂ ಹತ್ತಿಕೊಳ್ಳಬೇಕಿತ್ತು. ಗಂಡಿನ ತಂದೆ ಮಾತ್ರ ದೊಡ್ಡ ಮನಸ್ಸು ಮಾಡಿದರು. “ಕೇಳ್ಲಿ ಬುಡಿ. ನಮ್ ಉಡ್ಗ ಏನ್ ಮೂಗನಾ?”

“ಎಷ್ಟು ಓದಿದ್ದೀರಿ?” ಮಗಳು ಹುಡುಗನನ್ನು ಕೇಳಿದಳು.

“ಮಿಡ್ಲ್ ಸ್ಕೂಲು, ಎಲ್.ಎಸ್. ಗಂಟ ಓದವ್ನೆ ಕಣವ್ವ” ಅಂದರು ಅವರಪ್ಪ.

“ಬಿಡುವಾದಾಗ ಏನು ಮಾಡ್ತೀರಿ?”

“ಬುಡುವೆಲ್ಲಿ ಬತ್ತದವ್ವ, ಗದ್ದೆ ಕೆಲ್ಸವೇ ಆಯ್ತದೆ” ಅಂದರು ಅವರಪ್ಪ.

“ನಾನು ಅವರನ್ನ ಕೇಳಿದ್ದು.” ಮಗಳು ಸ್ವಲ್ಪ ಸರಿದು, ಹುಡುಗನ ಮುಖ ಕಾಣುವಂತೆ ಕೂತಳು. “ಮದುವೆಯಾದ ಮೇಲೂ ನಾನು ಓದಬೇಕು ಅಂತಿದ್ದೀನಿ. ಅದು ನಿಮಗೆ ಇಷ್ಟವೋ, ಇಲ್ಲವೋ?”

ಹುಡುಗ ನೆಲ ನೋಡಿದ, ಸೂರು ನೋಡಿದ. ಕೊನೆಗೆ ಮುಂದೆ ಬಾಗಿ, ತಂದೆಯ ಭುಜ ಮುಟ್ಟಿ ಕೇಳಿದ:

“ಅಪ್ಪಯ್ಯ, ನಂಗೆ ಇಷ್ಟವಾ?”

ಅಡಿಗೆಮನೆಯಲ್ಲಿ ತಟ್ಟೆ ಬಿದ್ದ ಸದ್ದು, ಅದರ ಹಿಂದೆಯೇ ಸೆರಗಿನಲ್ಲಿ ಅದುಮಿದ ನಗು. ನಮ್ಮಪ್ಪ ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗಿದು ಬಂದು, ಗಂಡಿನ ತಂದೆಯ ಎದುರು ನಿಂತರು. “ಅಲ್ಲ ಕಣಯ್ಯ, ನನ್ ಮೊಮ್ಮಗಳು ಕಟ್ಕಳಾದು ಮಗನ್ನೋ, ಅಪ್ಪನ್ನೋ? ಅದೊಂದು ಏಳ್ಬುಡು.” ಆಮೇಲೆ ಮೊಮ್ಮಗಳ ಕಡೆ ತಿರುಗಿ, “ಓಗವ್ವ, ನೀನು ಅದೇನ್ ಓದಿಯೋ ಓದ್ಕ ಓಗು. ಇವನ್ನ ಸಾಕದ್ಕಿಂತ ಅದೇ ಸಲೀಸು” ಅಂದರು.

ಬಂದವರು ಮುಖ ಊದಿಸಿಕೊಂಡು ಎದ್ದು ಹೋದರು. ನಾನು ಬಾಗಿಲಲ್ಲೇ ನಿಂತಿದ್ದೆ. ಹುಡುಗ ಬೀದಿಯ ತಿರುವಿನವರೆಗೆ ಹೋದವನು ಅವರಪ್ಪನಿಗೆ ಏನೋ ಹೇಳಿ ಓಡುತ್ತಾ ವಾಪಸು ಬಂದ.

“ಮೇಷ್ಟ್ರೇ, ನಿಮ್ ಮಗಳು ನನ್ನ ಪೆದ್ದ ಅನ್ಕಬಾರ್ದು. ಬೇಕಂತ್ಲೇ ಅಂಗಂದಿದ್ದು. ನಂಗೂ ಈ ಮದ್ವೆ ಇಷ್ಟ ಇರ್ನಿಲ್ಲ. ನಾನ್ ಬ್ಯಾಡ ಅಂದ್ರೆ ಅಪ್ಪಯ್ಯ ಸಿಗ್ದಾಕ್ತಿದ್ರು. ನೀವೇ ಬ್ಯಾಡ ಅಂದ್ರಿ, ಬದುಕ್ದೆ.”

ತಿರುವಿನಿಂದ ಅವರಪ್ಪನ ಕೂಗು ಬಂತು: “ಸಿಕ್ತೇನ್ಲಾ?”

“ಸಿಕ್ತು ಕಣಪ್ಪಯ್ಯ” ಎಂದು ಕೂಗಿ, ನನ್ನ ಕಡೆ ತಿರುಗಿ ಕೈಮುಗಿದ. “ಛತ್ರಿ ಮರ್ತೆ ಅಂತ ಏಳಿ ಬಂದಿವ್ನಿ. ನಾನು ಛತ್ರಿ ತಂದೇ ಇರ್ನಿಲ್ಲ. ಈಗ ಬರೀ ಕೈಲಿ ಎಂಗೋಗ್ಲಿ ಮೇಷ್ಟ್ರೇ?”

ಗೂಟದ ಮೇಲಿದ್ದ ನನ್ನ ಛತ್ರಿಯನ್ನು ತೆಗೆದುಕೊಟ್ಟೆ. ಆ ಜೂನಿನಲ್ಲಿ ಮಗಳು ಮೈಸೂರಿಗೆ ಹೋದಳು; ನಾನು ಮಳೆಗಾಲವೆಲ್ಲ ಆ ಹುಡುಗನನ್ನು ನೆನೆಯುತ್ತಾ, ನೆನೆಯುತ್ತಾ ಸ್ಕೂಲಿಗೆ ಹೋದೆ.