ಮುಂಬಯಿಗೆ ಹೋದ ಹೆಡಕು

ಮನುಷ್ಯನ ಶರೀರದಲ್ಲಿ ಅವನಿಗೆ ಸೇರದ ಜಾಗ ಒಂದಿದ್ದರೆ ಅದು ಹೆಡಕು ಎಂದು ನನ್ನ ಅಭಿಪ್ರಾಯ. ಕತ್ತಿನ ಹಿಂದುಗಡೆ, ಕೂದಲು ಮುಗಿದು ಕೋಟಿನ ಕಾಲರು ಸುರುವಾಗುವ ಆ ಒಂದಿಷ್ಟು ಜಾಗವನ್ನು ಹೊತ್ತು ತಿರುಗುವವನು ನಾನು, ನೋಡುವವರು ಊರವರು. ಕ್ಷೌರದವನಿಗೆ ಅದರ ಪರಿಚಯವಿದೆ. ದೇವಸ್ಥಾನದಲ್ಲಿ ನನ್ನ ಹಿಂದೆ ನಿಂತವರಿಗೆ ಇದೆ. ನಾನು ಹಲಗೆಯ ಮೇಲೆ ಲೆಕ್ಕ ಬರೆಯುವಾಗಲೆಲ್ಲ ನನ್ನ ವರ್ಗದ ಹುಡುಗರಿಗೆ ಅದರ ದರ್ಶನವಾಗುತ್ತದೆ. ನನಗೊಬ್ಬನಿಗೇ ಅದು ಪರದೇಶ. ಈ ಸಂಗತಿ ನನಗೆ ಹೊಳೆದದ್ದು ಒಂದು ಶನಿವಾರ, ಬಚ್ಚಲಲ್ಲಿ. ಎಣ್ಣೆ ಹಚ್ಚಿ ಬೆನ್ನು ತಿಕ್ಕುತ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿ, "ಇದೇನ್ರೀ, ಹೆಡಕಿನ ಮ್ಯಾಲೆ ಕಲೆ ಆಗ್ಯದಲ್ಲ?" ಎಂದಳು.

"ಎಂಥಾ ಕಲೆ?" ಎಂದೆ. "ಕೆಂಪಗ ಅದ. ನಡುವ ಬೆಳ್ಳಗೂ ಅದ. ಸ್ವಲ್ಪ ದಪ್ಪನೂ ಆಗ್ಯದ." ಎಷ್ಟು ದೊಡ್ಡದು ಎಂದು ಕೇಳಿದರೆ, "ಸಣ್ಣ ಸಂಡಿಗಿಯಷ್ಟು" ಎಂದಳು. ಹೆಂಗಸರಿಗೆ ಅಳತೆ ಯಾವಾಗಲೂ ಅಡಿಗೆಮನೆಯಿಂದಲೇ ಸಿಗುತ್ತದೆ. ಅವಳೆದುರು ನಾನು, "ಸೆಕೆಯ ಗುಳ್ಳಿ ಇರಬೇಕು" ಎಂದು ಹಗುರಾಗಿ ಹೇಳಿ ಎದ್ದೆ. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು, ಮುಂದೊಂದು ಕನ್ನಡಿ ಹಿಂದೊಂದು ಕನ್ನಡಿ ಹಿಡಿದು, ಕುತ್ತಿಗೆ ಉಳುಕುವ ತನಕ ಹುಡುಕಿದೆ. ಒಂದು ಸಲ ನನ್ನ ಕಿವಿ ಕಂಡಿತು, ಒಂದು ಸಲ ಮಾಡಿನ ಜಂತೆ ಕಂಡಿತು. ಕಲೆ ಮಾತ್ರ ಕಾಣಲಿಲ್ಲ. ಕಂಡಿದ್ದರೆ ಅರ್ಧ ಅಂಜಿಕೆ ಹೋಗುತ್ತಿತ್ತೋ ಏನೋ. ಕಾಣದ್ದಕ್ಕೆ ಮನಸ್ಸು ತನಗೆ ಬಂದಂತೆ ಬಣ್ಣ ಕಟ್ಟಿತು, ಮತ್ತು ಸಂಜೆಯೊಳಗೆ ಆ ಕಲೆಗೆ ಒಂದು ಹೆಸರನ್ನೂ ಇಟ್ಟಿತು. ನಮ್ಮ ಮನೆಗಳಲ್ಲಿ ಬಾಯಿ ಬಿಟ್ಟು ಹೇಳದ ಹೆಸರು ಅದು. ಮಹಾರೋಗ, ಅಂದರೆ ಕುಷ್ಠ. ಅದು ಹೌದಾಗಿದ್ದರೆ ನನ್ನ ಮಾಸ್ತರಿಕೆ ಹೋಗುತ್ತಿತ್ತು. ಅದು ಹೋಗಲಿ ಎಂದರೂ, ಮನೆ ಬಿಡಬೇಕಾಗುತ್ತಿತ್ತು, ಹೆಂಡತಿಯನ್ನೂ ಆರು ವರ್ಷದ ಮಗಳು ಸುಮಿಯನ್ನೂ ಮತ್ತೆ ಮುಟ್ಟುವಂತಿರಲಿಲ್ಲ.

ಧಾರವಾಡದಲ್ಲಿ ಡಾಕ್ಟರರಿಗೆ ತೋರಿಸುವ ಮಾತೇ ಇರಲಿಲ್ಲ. ಇಲ್ಲಿ ಒಬ್ಬ ಕೆಮ್ಮಿದರೆ ಮೂರು ಓಣಿಯಿಂದ ಕಷಾಯ ಬರುತ್ತದೆ. ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ. ಉಣಕಲ್ಲಿನ ಕೆರೆ ಕಿಟಕಿಯಲ್ಲಿ ಬಂದು ಹೋದದ್ದು ಕೂಡ ನನಗೆ ಗೊತ್ತಾಗಲಿಲ್ಲ. ಡಾಕ್ಟರರು ವಯಸ್ಸಾದವರು, ಸಮಾಧಾನದವರು. ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂಡಿಸಿ, "ಹತ್ತಿ ಅರಳಿ ಮುಟ್ಟಸ್ತೀನಿ. ತಿಳಿದ ಕೂಡಲೆ ಹೇಳ್ರಿ" ಎಂದರು. ಆ ರೋಗದಲ್ಲಿ ಚರ್ಮಕ್ಕೆ ಸ್ಪರ್ಶ ತಿಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದ್ದರಿಂದ ಎಲ್ಲಿ ತಪ್ಪಿ ಹೋಗುತ್ತದೋ ಎಂದು, "ತಿಳೀತ್ರಿ! ಛಲೋ ತಿಳೀತು!" ಎಂದು ಕೂಗಿದೆ. ಹಿಂದಿನಿಂದ ಅವರು, "ಮಾಸ್ತರ, ನಾ ಇನ್ನೂ ಅರಳಿ ಡಬ್ಬೀನs ತಗದಿಲ್ಲ" ಎಂದರು.

ಹುಡುಗರು ನಕಲು ಮಾಡಿದರೆ ಪರೀಕ್ಷೆಯಿಂದ ಎಬ್ಬಿಸುವವನು ನಾನು. ನನ್ನ ಸ್ವಂತ ಪರೀಕ್ಷೆಯಲ್ಲಿ ಪ್ರಶ್ನೆ ಬರುವ ಮೊದಲೇ ಉತ್ತರ ಬರೆದಿದ್ದೆ. ಆ ಮೇಲೆ ಅವರು ನಿಜವಾಗಿ ಮುಟ್ಟಿದಾಗ ಸಂಕೋಚದಿಂದ ಸುಮ್ಮನೆ ಕುಳಿತೆ. ಹೀಗಾಗಿ ನನ್ನ ಮಾತಿನ ಮೇಲೆ ಅವರಿಗೆ ಭರವಸೆ ಉಳಿಯಲಿಲ್ಲ. ಚರ್ಮವನ್ನೇ ಕೇಳುವುದು ಲೇಸೆಂದು ಕಲೆಯ ಒಂದು ಚೂರನ್ನು ಕತ್ತರಿಸಿ ಸಣ್ಣ ಬಾಟಲಿಯಲ್ಲಿ ಹಾಕಿದರು. "ಇದನ್ನ ಮುಂಬಯಿಗೆ ಕಳಸ್ತೀನಿ. ಅಲ್ಲಿ ದೊಡ್ಡ ದುರ್ಬೀನಿನಾಗ ನೋಡಿ ಹೇಳ್ತಾರ. ಉತ್ತರ ಬರೂ ತನಕಾ ಮನ್ಯಾಗ ಸ್ವಲ್ಪ ದೂರ ಇರ್ರಿ. ಅಂಜಬ್ಯಾಡ್ರಿ" ಎಂದರು. ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ತೊಗರಿಬೇಳೆಯಷ್ಟು ಕೂಡ ಇರಲಿಲ್ಲ. ಎಂದೂ ಕಾಣದ ನನ್ನ ಹೆಡಕನ್ನು ನಾನು ಮೊದಲ ಸಲ ಕಂಡದ್ದು ಹೀಗೆ. ಕೈ ಮುಗಿಯಬೇಕೆನಿಸಿತು. ನಾನು ಬೆಳಗಾವಿ ದಾಟಿದವನಲ್ಲ. ಅದು ಮುಂಬಯಿಗೆ ಹೊರಟಿತ್ತು. ಅಲ್ಲಿ ನನ್ನ ಹೆಸರೂ ಗೊತ್ತಿರದ ಒಬ್ಬ ಮಹಾನುಭಾವ ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ತೆರೆದು, ಅದರೊಳಗೆ ನನ್ನ ಹಣೆಬರಹ ಓದುವವನಿದ್ದ. ಹಣೆಬರಹ ಹೆಡಕಿನಲ್ಲಿರುತ್ತದೆಂದು ನಮ್ಮ ಹಿರಿಯರು ಯಾರೂ ಹೇಳಿರಲಿಲ್ಲ.

ಇನ್ನು ಮನೆಯಲ್ಲಿ ದೂರ ಇರುವುದು ಹೇಗೆ? ಕಾರಣ ಹೇಳಿದರೆ ಅವ್ವನ ಎದೆ ಒಡೆಯುತ್ತದೆ. ಇದನ್ನೇ ಯೋಚಿಸುತ್ತ ಹೊಸ್ತಿಲು ದಾಟಿದಾಗ ಸುಮಿ ಎಂದಿನಂತೆ ಕಾಲಿಗೆ ತೊಡರಲು ಓಡಿ ಬಂದಳು. ಗಾಬರಿಯಿಂದ, "ಮುಟ್ಟಬ್ಯಾಡ! ನನಗ ಯಾರೂ ಮುಟ್ಟಬ್ಯಾಡ್ರಿ!" ಎಂದು ಚೀರಿದೆ. ಜಪದ ಮಣಿ ಎಣಿಸುತ್ತಿದ್ದ ಅವ್ವ ತಲೆಯೆತ್ತಿ ನೋಡಿದಳು. ಅವಳ ಮುಖ ಅರಳಿತು. "ಮಡೀಲೆ ಇದ್ದೀ ಏನೋ ತಮ್ಮಾ?" ಎಂದಳು. ನನ್ನ ಬಾಯಿಂದ ಬಂದದ್ದು ಒಂದೇ ಅಕ್ಷರ: "ಹೂಂ."

ನಮ್ಮಂಥ ಮನೆಗಳಲ್ಲಿ ಮಡಿಗೆ ಕಾರಣ ಕೇಳುವವರಿಲ್ಲ. ಒದ್ದೆ ಪಂಚೆ ಉಟ್ಟು ಒಂದು ಮೂಲೆ ಹಿಡಿದರಾಯಿತು, ಜಗತ್ತು ತಾನೇ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತದೆ. ಚಹಾ ಕುಡಿಯದೆ ಕಣ್ಣು ಬಿಡದ, ಸಂಧ್ಯಾವಂದನೆಯನ್ನು ಹಬ್ಬಕ್ಕೆ ಕಾಯ್ದಿಡುವ ಮಗ ಹೀಗೆ ಒಮ್ಮೆಲೇ ತಿದ್ದಿಕೊಂಡದ್ದು ಅವ್ವನಿಗೆ ದೇವರ ಪವಾಡ. ನನ್ನ ತಾಟು ಬೇರೆ, ತಂಬಿಗೆ ಬೇರೆ, ಹಾಸಿಗೆ ಬೇರೆ. ನನ್ನ ಬಟ್ಟೆ ನಾನೇ ಒಗೆಯುತ್ತಿದ್ದೆ. ಓಣಿಯ ಮುದುಕಿಯರು ಬಂದು ದೂರದಿಂದ ಕೈ ಮುಗಿದು ಹೋದರು. ಶಾಲೆಯಲ್ಲಿ ಹುಡುಗರ ಕಿವಿ ಹಿಂಡುವುದನ್ನು ಬಿಟ್ಟೆ. ಮುಟ್ಟದೆ ಹಿಂಡುವ ವಿದ್ಯೆ ನನಗೆ ತಿಳಿಯದು. ಮಾಸ್ತರರ ಮೈಮೇಲೆ ದೇವರು ಬಂದಿದ್ದಾನೆಂದೂ, ಅವನು ಹೋಗದಿರಲೆಂದೂ ಹುಡುಗರು ಮಾತಾಡಿಕೊಂಡರಂತೆ.

ಒಬ್ಬನೇ ಮೂಲೆಯಲ್ಲಿ ಕುಳಿತಾಗ ಮಾತ್ರ ನನಗೆ ದಿಗಿಲೂ ಬೆರಗೂ ಒಟ್ಟಿಗೇ ಆಗುತ್ತಿತ್ತು. ಮುಟ್ಟಬೇಡ ಎಂಬ ಮಾತು ಒಂದೇ. ದೇವರ ಹತ್ತಿರ ಇದ್ದವನಿಗೂ ಅದೇ, ಊರ ಹೊರಗೆ ಹಾಕಿದವನಿಗೂ ಅದೇ. ನನ್ನನ್ನು ಕಂಡು ಕೈ ಮುಗಿದವರು ಮುಂಬಯಿಯ ಉತ್ತರ ಬಂದರೆ ಬಾಗಿಲು ಹಾಕಿಕೊಳ್ಳುವವರು, ಮತ್ತು ಎರಡೂ ಸಲ ಅವರು ನಿಲ್ಲುವ ದೂರ ಅಷ್ಟೇ. ಯಾವ ರೋಗವೂ ಇಲ್ಲದೆ ಹುಟ್ಟಿದಾಗಿನಿಂದ ಈ ಮಾತು ಕೇಳಿದವರು ನಮ್ಮ ಊರಲ್ಲೇ ಎಷ್ಟು ಜನ ಇದ್ದಾರೆಂದು ನೆನೆದು ನಾಚಿಕೆಯಾಯಿತು. ಇತ್ತ ಡಾಕ್ಟರರು ಕತ್ತರಿಸಿದ ಗಾಯ, ನಾನು ಏನೂ ಹೇಳದೆಯೇ, ಅಂಜಿ ಕುಳಿತವನ ಮೈಮೇಲೆ ಇದ್ದೂ ಕೂಡ, ತಾನೇ ತಾನಾಗಿ ಕೂಡಿಕೊಂಡಿತು. ಬೆರಳಾಡಿಸಿ ನೋಡಿದರೆ ಚರ್ಮ ಮುಚ್ಚಿತ್ತು. ಯಾರು ಹೇಳಿಕೊಟ್ಟರು ಅದಕ್ಕೆ? ಇಷ್ಟು ದೊಡ್ಡ ಕಾರಖಾನೆಯೊಳಗೆ ವಾಸವಿದ್ದು ನಾನು ಅದರ ಒಂದು ಕೋಣೆಯನ್ನೂ ಕಂಡವನಲ್ಲ. ಒಂದು ಸಂಜೆ ಸುಮಿ ನಡುಮನೆಯ ಆ ತುದಿಯಲ್ಲಿ ನಿಂತು, "ಅಪ್ಪಾ, ನಿಂದು ಮಡಿ ಯಾವಾಗ ಮುಗೀತದ?" ಎಂದು ಕೇಳಿದಳು. ನಾನು ಗೋಡೆಯ ಕಡೆ ತಿರುಗಿ ಕುಳಿತು ಅತ್ತೆ. ಅದನ್ನು ಧ್ಯಾನವೆಂದು ತಿಳಿದು ಅವ್ವ ಮಗುವನ್ನು ಒಳಗೆ ಕರೆದೊಯ್ದಳು.

ಕೊನೆಗೆ ಹುಬ್ಬಳ್ಳಿಯಿಂದ ಕರೆ ಬಂತು. ಶಾಲೆಗೆ ಹೋಗುತ್ತೇನೆಂದು ಹೇಳಿ ಸ್ಟೇಶನ್ನಿಗೆ ಹೋದೆ. ಡಾಕ್ಟರರು ನನ್ನ ಮುಖ ನೋಡಿ ತಡಮಾಡದೆ, "ಆ ರೋಗ ಅಲ್ರಿ ಮಾಸ್ತರ. ಏನೋ ಸುಡೂ ರಸ ತಾಗಿ ಚರ್ಮ ಕೆಟ್ಟದ ಅಂತ ಬರದಾರ. ಕೋಟು ತಗೀರಿ ಇಲ್ಲೆ" ಎಂದರು. ಕಾಲರು ಮಡಚಿ ನೋಡಿದರೆ ಒಳಗೆ ಎರಡು ಕಪ್ಪು ಚುಕ್ಕೆ, ಒಂದು ಗೆರೆ. ಬಟ್ಟೆ ಬೆರೆಯದಿರಲೆಂದು ಮಡಿವಾಳ ಕೇರುಬೀಜದ ರಸದಿಂದ ಹಾಕಿದ ನಮ್ಮ ಮನೆಯ ಗುರುತು. ಆ ರಸ ಲಕ್ಷ ಜನಕ್ಕೆ ಏನೂ ಮಾಡುವುದಿಲ್ಲವಂತೆ, ಕೆಲವರ ಮೈಗೆ ಆಗುವುದಿಲ್ಲವಂತೆ. ಬಟ್ಟೆ ಮಡಿ ಮಾಡುವವನೆಂದೇ ಅವನಿಗೆ ಮಡಿವಾಳ ಎಂಬ ಹೆಸರು. ಓಣಿಯೆಲ್ಲ ಕೈ ಮುಗಿದ ನನ್ನ ಮಡಿ ಹುಟ್ಟಿದ್ದು ಅವನ ಕೈಯಲ್ಲಿ.

ರೈಲು ಇಳಿದು ಓಡುತ್ತಲೇ ಮನೆಗೆ ಬಂದೆ. ಮಧ್ಯಾಹ್ನದ ಹೊತ್ತು. ಅವ್ವ ಮಲಗಿದ್ದಳು, ಸುಮಿ ಶಾಲೆಯಲ್ಲಿ. ಅಡಿಗೆಮನೆಯಲ್ಲಿ ನನ್ನ ಹೆಂಡತಿ ಒಬ್ಬಳೇ ಕುಳಿತು ಜೋಳದ ಭಕ್ಕರಿ ಉಣ್ಣುತ್ತಿದ್ದಳು. ಬೇರೆಯಾಗಿ ಇಟ್ಟಿದ್ದ ನನ್ನ ತಾಟಿನಲ್ಲಿ.

"ಅದು ನನ್ನ ತಾಟು!" ಎಂದೆ.

"ಗೊತ್ತದ ರೀ. ನೀವು ಸಾಲಿಗೆ ಹೋದ ಮ್ಯಾಲೆ ದಿನಾ ಇದರಾಗs ಉಣ್ತೀನಿ" ಎಂದಳು. "ಕಲೆ ಮೊದಲು ನೋಡಿದಾಕಿ ನಾನು. ಚಹಾ ಬಿಡಲಾರದವರು ಒಮ್ಮೆಲೇ ಮಡಿ ಆಗ್ತಾರೇನ್ರಿ? ಅತ್ತಿಯವರು ನಂಬಿದ್ರು, ನಂಬಲಿ ಅಂತ ಸುಮ್ಮನಿದ್ದೆ. ಸುಮಿನ್ನ ಅವರ ಹತ್ರಾನೇ ಮಲಗಸ್ತೀನಿ, ಅಕಿನ್ನ ನಾನೂ ಮುಟ್ಟೋದಿಲ್ಲ. ಆದ್ರ ನಿಮ್ಮೊಬ್ಬರನ್ನs ಎಲ್ಲೆರೆ ಕಳಸೋದಾದ್ರ ನನಗ ಆಗೂದಿಲ್ಲ. ಕಳಿಸಿದ್ರ ಇಬ್ಬರನ್ನೂ ಕಳಸಲಿ."

"ನಿನಗ ಅಂಜಿಕಿ ಬರಲಿಲ್ಲೇನು?"

"ಬಂತಲ್ಲ. ಆದ್ರ ನೀವು ಮೊದಲs ಅಂಜಿ ಕೂತಿದ್ರಿ. ಇಬ್ಬರೂ ಕೂತ್ರ ಭಕ್ಕರಿ ಬಡಿಯೋರು ಯಾರು?"

ಮುಂಬಯಿಯ ಉತ್ತರ ಹೇಳಿದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮುಂಬಯಿಯ ಆ ದೊಡ್ಡ ದುರ್ಬೀನು ನನ್ನ ಚರ್ಮದೊಳಗಿನದನ್ನೆಲ್ಲ ಕಂಡಿರಬಹುದು. ನಮ್ಮ ಅಡಿಗೆಮನೆಯಲ್ಲಿ ಇಷ್ಟು ದಿನ ನಡೆದದ್ದು ನನ್ನ ಬರಿಗಣ್ಣಿಗೇ ಕಂಡಿರಲಿಲ್ಲ. ಅವಳಿಗೆ ಕೈ ಮುಗಿಯಬೇಕೆನಿಸಿತು. ಗಂಡ ಹೆಂಡತಿಗೆ ಕೈ ಮುಗಿಯುವ ಪದ್ಧತಿ ನಮ್ಮ ಓಣಿಯಲ್ಲಿಲ್ಲ. ಆದ್ದರಿಂದ ಎದುರಿಗೆ ಕುಳಿತು, ಅದೇ ತಾಟಿನಿಂದ ಅವಳು ಕಚ್ಚಿ ಇಟ್ಟ ಭಕ್ಕರಿಯನ್ನು ಮುರಿದು ಬಾಯಿಗೆ ಹಾಕಿಕೊಂಡೆ.

ಅದೇ ಹೊತ್ತಿಗೆ ಅವ್ವ ಎದ್ದು ಬಂದಳು. ರೈಲಿನ ಮೈಲಿಗೆ ಬಟ್ಟೆಯಲ್ಲಿ, ಸ್ನಾನವಿಲ್ಲದೆ, ಹೆಂಡತಿಯ ಎಂಜಲು ಉಣ್ಣುತ್ತಿದ್ದ ಮಗನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಇಂದಿಗೂ ಮನೆಗೆ ಬಂದವರೆದುರು ನಿಟ್ಟುಸಿರು ಬಿಟ್ಟು ಹೇಳುತ್ತಾಳೆ: "ನಮ್ಮ ತಮ್ಮ ಒಮ್ಮೆ ದೇವರ ಬಾಗಿಲಿಗೆ ಹೋಗಿ ಮುಟ್ಟಿದ್ದ ನೋಡ್ರಿ. ಅರ್ಧ ಭಕ್ಕರಿಯ ಆಸೆಕ್ಕ ಹೊಳ್ಳಿ ಬಂದ." ಬಂದವರು ನನ್ನ ಕಡೆ ಕನಿಕರದಿಂದ ನೋಡುತ್ತಾರೆ. ನಾನೂ ತಲೆ ತಗ್ಗಿಸುತ್ತೇನೆ. ಅವ್ವನ ಮಾತಿನಲ್ಲಿ ಅಲ್ಲಗಳೆಯುವಂಥದ್ದು ನನಗೇನೂ ಕಾಣುವುದಿಲ್ಲ.