ಅಕ್ಕನ ಕೈಯ ಎಲೆಕೋಸು

ನಮ್ಮ ಮನೆಗೆ ಬಂದ ತರಕಾರಿಗೆ ನೆಮ್ಮದಿಯಾಗಿ ನೀರಿನಲ್ಲಿ ಬೇಯುವ ಭಾಗ್ಯವಿಲ್ಲ. ಬೇರೆಯವರ ಮನೆಗಳಲ್ಲಿ ಅದು ಪಾತ್ರೆಗೆ ಬೀಳುತ್ತದೆ, ಬೇಯುತ್ತದೆ, ತಟ್ಟೆಗೆ ಬರುತ್ತದೆ, ಅಲ್ಲಿಗೆ ಅದರ ಋಣ ಮುಗಿಯಿತು. ನನ್ನಾಕೆಯ ಕೈಗೆ ಸಿಕ್ಕರೆ ಹಾಗಲ್ಲ. ಹೂಕೋಸನ್ನು ಅಂಚು ಕಪ್ಪಾಗುವವರೆಗೆ ಹುರಿದು ಮೇಲೆ ನಿಂಬೆಹಣ್ಣು ಹಿಂಡುತ್ತಾಳೆ. ಬೀಟ್‌ರೂಟನ್ನು ಸಿಪ್ಪೆಸಮೇತ ಕೆಂಡದಂಥ ಉರಿಯಲ್ಲಿ ಸುಟ್ಟು, ಸುಲಿದು, ಬೆಳ್ಳುಳ್ಳಿ ಜಜ್ಜಿ ಹಾಕಿದ ಮೊಸರಿನಲ್ಲಿ ಮುಳುಗಿಸುತ್ತಾಳೆ. ಸೌತೆಕಾಯಿಯನ್ನಂತೂ ಹೆಚ್ಚುವುದೇ ಇಲ್ಲ, ಲಟ್ಟಣಿಗೆ ತೆಗೆದುಕೊಂಡು ಬಡಿಯುತ್ತಾಳೆ. ಒಡೆದ ಕಡೆ ಉಪ್ಪು ಹುಳಿ ಚೆನ್ನಾಗಿ ಹಿಡಿಯುತ್ತದಂತೆ. (ಬಡಿಯುವಾಗ ನನ್ನ ಕಡೆಗೆ ಏಕೆ ನೋಡುತ್ತಾಳೆ ಎಂದು ನಾನು ಕೇಳಲು ಹೋಗಿಲ್ಲ.)

ಅವಳು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಅಲ್ಲಿನ ಪ್ರಯೋಗಶಾಲೆಯಲ್ಲಿ ಗಾಜಿನ ಸಾಮಾನು ಒಡೆದೀತೆಂಬ ಹೆದರಿಕೆಯಿಂದ ಪ್ರಯೋಗಗಳನ್ನೆಲ್ಲ ಮನೆಯಲ್ಲಿ ಮಾಡುತ್ತಾಳೆಂಬುದು ನನ್ನ ಊಹೆ. ನೀರಿನಲ್ಲಿ ಬೇಯಿಸಿದರೆ ರುಚಿಯೆಲ್ಲ ನೀರಿಗೆ ಹೋಗುತ್ತದೆ, ನೀರು ಮೋರಿಗೆ ಹೋಗುತ್ತದೆ, ನಾರು ಮಾತ್ರ ಹೊಟ್ಟೆಗೆ ಹೋಗುತ್ತದೆ ಎಂಬುದು ಅವಳ ಸಿದ್ಧಾಂತ. ನನ್ನದು ಕನ್ನಡಕದ ಅಂಗಡಿ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸುತ್ತಾ, ‘ಇದರಲ್ಲಿ ಚೆನ್ನಾಗಿದೆಯೋ, ಅದರಲ್ಲಿ ಚೆನ್ನಾಗಿದೆಯೋ’ ಎಂದು ದಿನವಿಡೀ ಕೇಳಿ ಕೇಳಿ ನಾಲಿಗೆ ಸೋತು ಮನೆಗೆ ಬಂದರೆ, ಇವಳು ಎರಡು ಬಟ್ಟಲು ಮುಂದಿಟ್ಟು ಅದೇ ಪ್ರಶ್ನೆಯನ್ನು ನನಗೆ ಕೇಳುತ್ತಾಳೆ. ಒಂದರಲ್ಲಿ ಎಳ್ಳು ಹಾಕಿದ ಬದನೆಕಾಯಿ, ಇನ್ನೊಂದರಲ್ಲಿ ಎಳ್ಳು ಹಾಕದ ಬದನೆಕಾಯಿ. ನನ್ನ ಉತ್ತರ ಮಾತ್ರ ಮದುವೆಯಾದಾಗಿನಿಂದ ಒಂದೇ. ಎರಡೂ ಚೆನ್ನಾಗಿವೆ, ಆದರೆ ನಮ್ಮಕ್ಕನ ಕೈಯ ಎಲೆಕೋಸಿನ ಮುಂದೆ ನಿಲ್ಲುವುದಿಲ್ಲ.

ಈ ಎಲೆಕೋಸಿನ ವಿಷಯ ನಿಮಗೂ ಹೇಳಬೇಕು. ನನ್ನಾಕೆ ಕೇಳಿಸಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ನಮ್ಮಪ್ಪ ಸಾಬೂನಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕಾರ್ಖಾನೆಯವರೇ ಕಟ್ಟಿಸಿಕೊಟ್ಟ ಸಾಲು ಮನೆಗಳು, ಸಾಲಿಗೆಲ್ಲ ಸೇರಿ ಒಂದೇ ನಲ್ಲಿ. ಹಾಸಿಗೆ, ಪುಸ್ತಕ, ಕೊನೆಗೆ ನಾಯಿ ಕೂಡ ಸಾಬೂನಿನ ವಾಸನೆ ಹೊಡೆಯುತ್ತಿದ್ದ ಜಾಗ ಅದು. ಹಿಂದುಗಡೆ ಒಂದು ತೋಟವಿತ್ತು. ಅಲ್ಲಿ ಬೇರೇನು ಹಾಕಿದರೂ ಬಾಡಿಹೋಗುತ್ತಿತ್ತು, ಎಲೆಕೋಸು ಮಾತ್ರ ಹಟ ಹಿಡಿದಂತೆ ಬೆಳೆಯುತ್ತಿತ್ತು. ಹಾಗಾಗಿ ಸಾಲಿನ ಎಲ್ಲ ಮನೆಗಳಿಗೂ ವರ್ಷಪೂರ್ತಿ ಎಲೆಕೋಸು. ನಮ್ಮಮ್ಮ ಹೋದಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ, ಅಕ್ಕನಿಗೆ ಹನ್ನೆರಡೋ ಹದಿಮೂರೋ. ಮಾರನೆಯ ವಾರದಿಂದಲೇ ಅಡುಗೆ ಅವಳ ಪಾಲಿಗೆ ಬಂತು. ಕಟ್ಟೆ ಎತ್ತರವಾಗಿತ್ತೆಂದು ಒಂದು ಸ್ಟೂಲು ಹಾಕಿಕೊಂಡು ನಿಲ್ಲುತ್ತಿದ್ದಳು. ಒಂದು ಜಡೆ ಹೆಣೆದಿರುತ್ತಿತ್ತು, ಇನ್ನೊಂದು ಬಿಚ್ಚಿರುತ್ತಿತ್ತು. ತಗ್ಗು ಬಿದ್ದ ಅಲ್ಯುಮಿನಿಯಮ್ ಪಾತ್ರೆಯಿಂದ ಎದ್ದ ಹಬೆ ಕಿಟಕಿಯ ಗಾಜಿಗೆ ಕಟ್ಟುತ್ತಿತ್ತು, ನಾನು ಅದರ ಮೇಲೆ ಬೆರಳಿನಿಂದ ಮೀಸೆ ಬರೆಯುತ್ತಿದ್ದೆ. ಆಮೇಲೆ ಊಟ. ಎಲೆಕೋಸನ್ನು ನನಗೆ ಬಡಿಸಿ, ತಾನೂ ಬಡಿಸಿಕೊಂಡು, ಒಂದು ತುತ್ತು ಬಾಯಿಗಿಟ್ಟವಳು ನನ್ನ ಮುಖ ನೋಡುತ್ತಿದ್ದಳು. ನೋಡಿ, ತನ್ನ ಪಾಲನ್ನೂ ಎತ್ತಿ ನನ್ನ ತಟ್ಟೆಗೆ ಹಾಕಿಬಿಡುತ್ತಿದ್ದಳು. ‘ನಂಗೆ ಸಾಕು ಪುಟ್ಟ, ನೀನು ತಿನ್ನು’ ಎನ್ನುತ್ತಿದ್ದಳು.

ಕಥೆ ಈ ಜಾಗಕ್ಕೆ ಬಂದಾಗ ನಾನು ಕಣ್ಣೊರೆಸಿಕೊಳ್ಳುತ್ತೇನೆ. ನನ್ನಾಕೆ ಸರಿಯಾಗಿ ಆ ಹೊತ್ತಿಗೆ ನೀರಿನ ಲೋಟ ಮುಂದಿಡುತ್ತಾಳೆ. ಒಮ್ಮೆ ಮಾತ್ರ ಲೋಟದ ಜತೆಗೆ ಮಾತನ್ನೂ ಇಟ್ಟಳು.

“ನಿಮ್ಮನ್ನ ಸಾಕಿ ಸಾಕಿ ಅವರಿಗೆ ಸಾಕಾಗಿತ್ತು ರೀ. ಅದಕ್ಕೇ ಸಾಕು ಅಂತಿದ್ರು.”

ಹಾಸ್ಯಕ್ಕೂ ಒಂದು ಮಿತಿಯಿದೆ ಎಂದು ನಾನು ಎದ್ದುಹೋದೆ. (ಹೋಗುವಾಗ ಬದನೆಕಾಯಿಯ ಬಟ್ಟಲನ್ನು ಜತೆಗೇ ಒಯ್ದೆ. ಸಿಟ್ಟು ಬೇರೆ, ಹಸಿವು ಬೇರೆ.)

ಮದುವೆಯಾಗಿ ಅಕ್ಕ ದೂರದ ಊರಿಗೆ ಹೋದಳು. ನಾನು ಹೋದಾಗಲೆಲ್ಲ ಸಡಗರದಿಂದ ಏನೇನೋ ಮಾಡಿ ಬಡಿಸುತ್ತಿದ್ದಳೇ ಹೊರತು ಎಲೆಕೋಸನ್ನು ಮನೆಯೊಳಕ್ಕೇ ತರುತ್ತಿರಲಿಲ್ಲ. ಪಾಪ, ಕಷ್ಟದ ದಿನಗಳನ್ನು ನೆನೆಸಿಕೊಳ್ಳಲು ಅವಳಿಗೆ ಮನಸ್ಸಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಳ್ಳುವ ತಮ್ಮ ಎಲ್ಲರಿಗೂ ಸಿಗುವುದಿಲ್ಲ ಎಂದೂ ಅಂದುಕೊಂಡಿದ್ದೆ.

ಹೋದ ತಿಂಗಳು ಅಕ್ಕನ ಸೊಸೆ ಫೋನು ಮಾಡಿದಳು. ಅತ್ತೆಗೆ ಜ್ವರ ಬಂದು ಹೋದಮೇಲೆ ಊಟವೇ ಸೇರುತ್ತಿಲ್ಲ, ಎರಡು ತುತ್ತಿಗೆ ತಟ್ಟೆ ಸರಿಸಿಬಿಡುತ್ತಾರೆ, ದಿನೇ ದಿನೇ ಇಳಿದುಹೋಗುತ್ತಿದ್ದಾರೆ ಎಂದಳು. ಕಾಯಿಲೆಯೇನೂ ಉಳಿದಿಲ್ಲ, ಹೇಗಾದರೂ ಊಟ ಮಾಡಿಸಿ ಎಂದು ಡಾಕ್ಟರು ಹೇಳಿದ್ದರಂತೆ. ನಿಮ್ಮ ಮನೆಯಲ್ಲಿ ಸ್ವಲ್ಪ ದಿನ ಇದ್ದು ಬರಲಿ ಎಂದು ಕೇಳಿದಳು. ಆ ಹುಡುಗಿಯ ದನಿಯಲ್ಲಿ ಅಳುವಿತ್ತು. ನನಗೆ ನಿಜವಾಗಿಯೂ ಭಯವಾಯಿತು. ನನ್ನನ್ನು ಉಣ್ಣಿಸಿ ದೊಡ್ಡವನನ್ನಾಗಿ ಮಾಡಿದವಳು ಉಣ್ಣದೆ ಕೂತಿದ್ದಾಳೆ ಎಂದರೆ ಅಂಗಡಿಯಲ್ಲಿ ಕೆಲಸಕ್ಕೆ ಕೈಯೇ ಓಡಲಿಲ್ಲ. ದೂರದ ಗಾಜು ಬೇಕಾದವರಿಗೆ ಹತ್ತಿರದ ಗಾಜು ಹಾಕಿಕೊಟ್ಟೆ.

ಸಂಜೆಯ ಹೊತ್ತಿಗೆ ನನಗೆ ಜ್ಞಾನೋದಯವಾಯಿತು. ಅವಳಿಗೆ ಬೇಕಾಗಿರುವುದು ಔಷಧವಲ್ಲ, ಹಳೆಯ ರುಚಿ. ಅದನ್ನು ನಾನೇ ನನ್ನ ಕೈಯಾರೆ ಮಾಡಿ ಬಡಿಸಬೇಕು. ಮನೆಗೆ ಬಂದು ಘೋಷಿಸಿದೆ. ನನ್ನಾಕೆ ಬೆಂಡೆಕಾಯಿ ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟಳು.

“ಬಾಯಿ ಕೆಟ್ಟವರಿಗೆ ಬೇಯಿಸಿದ ಎಲೆಕೋಸಾ? ಗಟ್ಟಿ ಇರೋರಿಗೇ ಅದು ಇಳಿಯಲ್ಲ.”

“ನಿಂಗೆ ಅದರ ರುಚಿ ಗೊತ್ತಿಲ್ಲ, ಸುಮ್ನಿರು.”

“ನಿಮಗೆ ಒಲೆ ಹಚ್ಚೋದು ಗೊತ್ತಾ?”

ಇದು ವಿಷಯಾಂತರವೆಂದು ನಾನು ತಳ್ಳಿಹಾಕಿದೆ. ಮಾತಿಗೆ ಮಾತು ಬೆಳೆದು, ನಾನು ಅವಳ ಹೂಕೋಸಿನ ಪೂರ್ವಾಪರ ತೆಗೆದು, ಅವಳು ನನ್ನ ವಂಶದ ಬೇಯಿಸುವ ಚಾಳಿಯ ಮೂಲ ಹುಡುಕಿ, ಕೊನೆಗೆ ಒಂದು ಒಪ್ಪಂದವಾಯಿತು. ಒಂದೇ ಎಲೆಕೋಸು ತರುವುದು. ಅರ್ಧ ನನಗೆ, ಅರ್ಧ ಅವಳಿಗೆ. ಅಕ್ಕ ಯಾವುದನ್ನು ತಿಂದರೂ ಸರಿ, ತಿಂದರೆ ಸಾಕು. ಈ ಕೊನೆಯ ಮಾತು ನನ್ನಾಕೆ ಹೇಳಿದ್ದು. ನಾನು ಅದನ್ನು ಸೋಲಿನ ಮುನ್ಸೂಚನೆಯೆಂದು ತಿಳಿದು ಒಳಗೊಳಗೇ ಮರುಗಿದೆ.

ಮಾಡುವ ಬಗೆ ಕೇಳಲು ಅಕ್ಕನಿಗೇ ಫೋನು ಮಾಡಿದೆ, ಸುಮ್ಮನೆ ನೆನಪಾಗಿ ಕೇಳುವವನ ಹಾಗೆ. ಬತ್ತಿದ ದನಿಯಲ್ಲಿ ಅವಳು ಹೇಳಿದ್ದಿಷ್ಟೆ:

“ಅದರಲ್ಲೇನಿದ್ಯೋ. ಹೆಚ್ಚಿ, ನೀರು ಹುಯ್ದು, ಉಪ್ಪು ಮೆಣಸು ಹಾಕಿ ಒಲೆ ಮೇಲಿಟ್ಟು ಮರೆತುಬಿಡೋದು.”

ಇಟ್ಟು ಮರೆತುಬಿಡುವುದು. ಆಹಾ, ಅದರಲ್ಲೊಂದು ವೇದಾಂತವೇ ಇದೆ ಎನಿಸಿತು. ನನ್ನಾಕೆಯಂತೆ ಗಳಿಗೆಗೊಮ್ಮೆ ತಿರುವಿ, ಮೂಸಿ, ಹೊರಳಿಸಿ ಹಿಂಸೆ ಕೊಡುವುದಲ್ಲ. ತರಕಾರಿಯನ್ನು ಅದರ ಪಾಡಿಗೆ ಬಿಡುವುದು.

ಅಕ್ಕ ಬರುವ ದಿನ ನಾನು ಅಂಗಡಿಗೆ ಬೀಗ ಹಾಕಿ ಬೆಳಗ್ಗೆಯೇ ಸೊಂಟಕ್ಕೆ ಟವೆಲು ಸುತ್ತಿ ನಿಂತೆ. ನನ್ನ ಅರ್ಧ ಎಲೆಕೋಸನ್ನು ಹೆಚ್ಚಿ (ಎರಡು ಬೆರಳು ಸ್ವಲ್ಪದರಲ್ಲಿ ಉಳಿದವು), ನೀರು, ಉಪ್ಪು, ಮೆಣಸು ಹಾಕಿ ಒಲೆಯ ಮೇಲಿಟ್ಟು, ಅಕ್ಕನ ಆಜ್ಞೆಯಂತೆ ಶ್ರದ್ಧೆಯಿಂದ ಮರೆಯಲು ಹೊರಟೆ. ಅವಳ ಕೋಣೆಯ ಬಲ್ಬು ಬದಲಿಸಿದೆ. ದಿಂಬಿನ ಚೀಲ ಹಾಕಿದೆ. ಕಿಟಕಿ ಒರೆಸಿದೆ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಕೆಳಗಿನ ಮನೆಯಲ್ಲಿರುವ ನಲ್ಲಿ ರಿಪೇರಿಯವರು ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದರು. ಮೋರಿ ಕಟ್ಟಿಕೊಂಡಿರಬೇಕು, ಮೆಟ್ಟಿಲಿನವರೆಗೂ ವಾಸನೆ ಬರುತ್ತಿದೆ, ನೋಡಿಕೊಡಲೇ ಎಂದು ವಿನಯದಿಂದ ಕೇಳಿದರು. ಅದು ಅಡುಗೆ ಎಂದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಒಳಗಡೆಗೆ ನೋಡಿ, ಸ್ಪ್ಯಾನರನ್ನು ಜೇಬಿಗೆ ಸೇರಿಸಿ ಇಳಿದುಹೋದರು.

ಮುಚ್ಚಳ ತೆಗೆದು ನೋಡಿದರೆ ಎಲೆಕೋಸು ಹಳೆಯ ಬನಿಯನ್ನಿನ ಬಣ್ಣಕ್ಕೆ ತಿರುಗಿತ್ತು. ಬಾಯಿಗಿಟ್ಟೆ. ಕೊಳೆ ಬಟ್ಟೆ ನೆನೆಹಾಕಿದ ನೀರಿಗೆ ಉಪ್ಪು ಬೆರೆಸಿದ ಹಾಗಿತ್ತು. ಎಲ್ಲೋ ತಪ್ಪಿದ್ದೇನೆ ಎಂದುಕೊಂಡು ಮೆಣಸು ಹಾಕಿದೆ, ಇನ್ನಷ್ಟು ಕುದಿಸಿದೆ, ಇನ್ನಷ್ಟು ಕೆಟ್ಟಿತು. ಅಕ್ಕನಿಗೆ ತಿಳಿದಿದ್ದ ಯಾವುದೋ ಒಂದು ಹದ ನನ್ನ ಕೈಗೆ ಸಿಗುತ್ತಿಲ್ಲವಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಪಕ್ಕದಲ್ಲಿ ನನ್ನಾಕೆ ಅವಸರವಿಲ್ಲದೆ ಕೆಲಸ ಶುರುಮಾಡಿದಳು. ತನ್ನ ಅರ್ಧವನ್ನು ದಪ್ಪ ದಪ್ಪ ಬಿಲ್ಲೆಯಾಗಿ ಕೊಯ್ದಳು, ಎಲೆಗಳು ಬಿಚ್ಚಿಹೋಗದಂತೆ ನಡುವಿನ ದಂಟನ್ನು ಹಾಗೇ ಬಿಟ್ಟಳು. ಕಬ್ಬಿಣದ ಕಾವಲಿ ಹೊಗೆಯಾಡುವಷ್ಟು ಕಾದಮೇಲೆ ಎಣ್ಣೆ ಸವರಿ ಬಿಲ್ಲೆಗಳನ್ನಿಟ್ಟು, ಮೇಲೊಂದು ಭಾರದ ತಟ್ಟೆ ಹೇರಿದಳು. ನಾನು ಅಂಚನ್ನು ಎತ್ತಿ ನೋಡಲು ಹೋದರೆ ಕೈಮೇಲೆ ಸೌಟಿನ ಏಟು ಬಿತ್ತು. ಕೆಂಪಗಾಗುವವರೆಗೆ ಮುಟ್ಟಬಾರದಂತೆ. ಮಗುಚಿದಾಗ ಎಲೆಯ ಅಂಚುಗಳು ಗರಿಗರಿಯಾಗಿ, ಒಳಗೆ ಮೆತ್ತಗೆ ಹಸಿರು ಉಳಿದಿತ್ತು. ಹುರಿದ ಕಡಲೆಕಾಯಿ ಬೀಜ ಕುಟ್ಟಿ ಉದುರಿಸಿದಳು, ಹಸಿಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಹಾಕಿದಳು, ನಿಂಬೆಹಣ್ಣು ಹಿಂಡಿದಳು. ಮತ್ತೆ ಬಾಗಿಲು ತಟ್ಟಿದ ಸದ್ದು. ನಲ್ಲಿಯವರೇ, ಈ ಸಲ ಸ್ಪ್ಯಾನರ್ ಇರಲಿಲ್ಲ. ಮೋರಿ ಸರಿಹೋಯಿತೇ ಎಂದು ಕೇಳಲು ಬಂದರಂತೆ. ಕಣ್ಣು ಮಾತ್ರ ಕಾವಲಿಯ ಮೇಲಿತ್ತು.

ಮಧ್ಯಾಹ್ನ ಅಕ್ಕ ಬಂದಳು. ಬಸ್ಸಿನಿಂದ ಇಳಿಸಿಕೊಳ್ಳುವಾಗ ಅವಳ ತೋಳು ನನ್ನ ಹಿಡಿಯೊಳಗೆ ಅಷ್ಟು ಸಣ್ಣದಾಗಿ ಸಿಕ್ಕಿತಲ್ಲ, ಆಗ ನನಗೆ ಪಂತ, ಪೈಪೋಟಿ ಎಲ್ಲ ಮರೆತುಹೋಯಿತು. ಊಟಕ್ಕೆ ಕೂರಿಸಿದೆವು. ಎರಡೂ ಬಟ್ಟಲು ಮುಂದೆ ಬಂದವು. ನಾನು ನನ್ನದನ್ನು ಬಿಸಿಮಾಡಿ ಅವಳಿಗೂ ನನಗೂ ಬಡಿಸಿ, ಸಾಲು ಮನೆ, ಸ್ಟೂಲು, ಒಂದು ಜಡೆ ಎಲ್ಲವನ್ನೂ ನೆನಪಿಸಿ, ಸರಿಯಾಗಿ ಬಂದಿಲ್ಲವೇನೋ ಅಕ್ಕ ಎಂದು ತೊದಲಿದೆ. ಅವಳು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

“ಅದೇ ರುಚಿ ಕಣೋ ಪುಟ್ಟ. ಒಂದು ಚೂರೂ ಹೆಚ್ಚುಕಮ್ಮಿ ಇಲ್ಲ.”

ನಾನು ಹೆಂಡತಿಯ ಕಡೆಗೆ ನೋಡಿದ ನೋಟವನ್ನು ನೀವು ನೋಡಬೇಕಿತ್ತು. ಅಷ್ಟರಲ್ಲಿ ಅಕ್ಕ ನನ್ನ ಮುಖ ನೋಡಿದಳು. ನೋಡಿ, ತನ್ನ ತಟ್ಟೆಯಲ್ಲಿದ್ದ ಎಲೆಕೋಸನ್ನೆಲ್ಲ ಎತ್ತಿ ನನ್ನ ತಟ್ಟೆಗೆ ಹಾಕಿದಳು. ಅದೇ ಕೈ, ಅದೇ ಪ್ರೀತಿ. ನಾನು ಗಳಗಳನೆ ಅತ್ತುಬಿಟ್ಟೆ.

“ನೀನು ತಿನ್ನಕ್ಕ, ಈಗಲಾದ್ರೂ ನಿನ್ನ ಪಾಲು ನೀನು ತಿನ್ನು” ಎಂದೆ.

“ಅಯ್ಯೋ, ಬೇಡಪ್ಪ. ಆಗಲೂ ನನ್ನ ಗಂಟಲಲ್ಲಿ ಇಳೀತಿರಲಿಲ್ಲ, ಈಗಲೂ ಇಳಿಯಲ್ಲ. ನಂಗೆ ಬೇರೆ ಮಾಡೋಕೆ ಬರ್ತಿರಲಿಲ್ಲ ಕಣೋ. ಒಲೆ ಮೇಲಿಟ್ಟು ಸ್ಕೂಲಿನ ಲೆಕ್ಕ ಮಾಡೋಕೆ ಕೂತ್ರೆ ಮರೆತೇ ಹೋಗೋದು. ಅಪ್ಪ ಸುಮ್ನೆ ನುಂಗೋರು. ನೀನೊಬ್ಬ ಪಾತ್ರೆ ಕೆರೆದು ಚೆನ್ನಾಗಿದೆ ಅಂತಿದ್ದೆ. ನೀನು ಒಂದು ದಿನ ಚೆನ್ನಾಗಿಲ್ಲ ಅಂದಿದ್ರೆ ಪಕ್ಕದ ಮನೆಯವರನ್ನ ಕೇಳಿ ಬೇರೆ ಏನಾದ್ರೂ ಕಲೀತಿದ್ದೆ.”

ನನ್ನಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಯಾವ ಕಡೆಗೆ ನೋಡಬೇಕೆಂದು ತಿಳಿಯದೆ ತಟ್ಟೆಯನ್ನು ನೋಡಿದೆ. ಅಲ್ಲಿ ಎರಡು ಪಾಲು ಎಲೆಕೋಸು ಹಬೆಯಾಡುತ್ತಿತ್ತು. ಅಕ್ಕ ಇನ್ನೊಂದು ಬಟ್ಟಲಿನತ್ತ ಕೈಚಾಚಿ ಸುಟ್ಟ ಬಿಲ್ಲೆಯ ಗರಿಗರಿ ಅಂಚನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು. ಅಗಿಯುವುದನ್ನು ನಿಲ್ಲಿಸಿ ನನ್ನಾಕೆಯ ಮುಖ ನೋಡಿದಳು.

“ಇದೂ ಎಲೆಕೋಸೇನಮ್ಮ?”

ಆ ಬಿಲ್ಲೆ ಪೂರ್ತಿ ಮುಗಿಯಿತು. ಎರಡನೆಯದನ್ನು ತಾನೇ ಕೇಳಿ ಹಾಕಿಸಿಕೊಂಡಳು. ಬಟ್ಟಲಿನ ತಳದಲ್ಲಿದ್ದ ನಿಂಬೆರಸವನ್ನೂ ಕಡಲೆಬೀಜದ ತರಿಯನ್ನೂ ಬೆರಳಿನಿಂದ ಬಳಿದು ತಿಂದಳು. ನಾನು ಬಾಯಿಗೆ ಹಾಕಿಕೊಂಡ ತುತ್ತನ್ನು ಹಾಗೇ ಇಟ್ಟುಕೊಂಡು ನೋಡುತ್ತಿದ್ದೆ. ಮಾನ ಹೋಯಿತೆಂದು ಬೇಸರವೇನೋ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವಳು ಬೆರಳು ನೆಕ್ಕುವುದನ್ನು ಕಂಡಾಗ ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು.

ಈಗ ಅಕ್ಕ ನಮ್ಮಲ್ಲೇ ಇದ್ದಾಳೆ, ಕೆನ್ನೆ ತುಂಬಿಕೊಂಡಿದೆ. ಇಬ್ಬರೂ ಸೇರಿ ಅಡುಗೆಮನೆಯಲ್ಲಿ ದಿನಕ್ಕೊಂದು ತರಕಾರಿಯನ್ನು ಬಡಿಯುತ್ತಾರೆ, ಸುಡುತ್ತಾರೆ, ನಗುತ್ತಾರೆ. ಕುಂಬಳಕಾಯಿಗೆ ಬೆಲ್ಲ ಸವರಿ ಹುರಿದರೆಂದು ಮೊನ್ನೆ ಮನೆಯೆಲ್ಲ ಘಮಘಮ. ನಲ್ಲಿಯವರು ದಿನಾ ಮೋರಿ ವಿಚಾರಿಸಲು ಬರುತ್ತಾರೆ, ಅವರಿಗೂ ಒಂದು ತಟ್ಟೆ ಹೋಗುತ್ತದೆ. ನಾನು ಕೈಚಾಚಿದರೆ ಮಾತ್ರ ಅಕ್ಕ ತಡೆಯುತ್ತಾಳೆ. ಈ ಹೊಸ ರುಚಿಗಳು ಅವನಿಗೆ ಒಗ್ಗುವುದಿಲ್ಲ, ಪಾಪ, ಇಷ್ಟು ವರ್ಷ ನನ್ನ ಎಲೆಕೋಸನ್ನೇ ನೆನೆಸಿಕೊಂಡಿದ್ದಾನೆ ಎಂದು ನನ್ನಾಕೆಗೆ ಹೇಳುತ್ತಾಳೆ. ನನ್ನಾಕೆ ಹೌದಕ್ಕ, ದಿನಾ ಅದನ್ನೇ ಹೇಳುತ್ತಿದ್ದರು ಎಂದು ತಲೆಯಾಡಿಸುತ್ತಾಳೆ.

ಹಾಗಾಗಿ ಅಕ್ಕ ನನಗೆಂದೇ ಬೇರೆ ಪಾತ್ರೆಯಲ್ಲಿ ಒಂದು ಎಲೆಕೋಸು ಹೆಚ್ಚಿ, ನೀರು ಹುಯ್ದು, ಒಲೆಯ ಮೇಲಿಟ್ಟು ಮರೆಯುತ್ತಾಳೆ. ಬಿಸಿಬಿಸಿಯಾಗಿ ತಂದು ಬಡಿಸಿ ನನ್ನ ಎದುರಿಗೇ ಕೂರುತ್ತಾಳೆ. ನಾನು ಮೊದಲ ತುತ್ತು ನುಂಗುವವರೆಗೂ ನನ್ನ ಮುಖವನ್ನೇ ನೋಡುತ್ತಿರುತ್ತಾಳೆ.

“ಹೇಗಿದೆ ಪುಟ್ಟ?”

“ಚೆನ್ನಾಗಿದೆ ಅಕ್ಕ.”

“ಇನ್ನೊಂದಿಷ್ಟು ಹಾಕ್ಲಾ?”

“ಹಾಕು.”